ಊಟಿಯ ಕುಳ್ಳು ಗಿಡ

ಗುಂಡ್ಲುಪೇಟೆಯ ವೀಳ್ಯದೆಲೆ ವ್ಯಾಪಾರಿ ಪುಟ್ಟಮಲ್ಲಪ್ಪನವರ ಅಂಗಳದಲ್ಲಿ, ಸ್ವಾತಂತ್ರ್ಯ ಬಂದ ವರ್ಷ ಊಟಿಯಿಂದ ತಂದ, ಸದಾ ಹಸಿರಾಗಿರುವ ಸೂಜಿಯೆಲೆಯ ಕುಳ್ಳು ಗಿಡವೊಂದಿದೆ. ಬಿಸಿಲೇರಿದರೆ ಸಾಕು, ಎಲೆ ಪೆಂಡಿಗೆ ಹೊದಿಸಬೇಕಾದ ಒದ್ದೆ ಗೋಣಿಯನ್ನು ಅದರ ಸುತ್ತ ಕಟ್ಟಿ, ಕೊಡೆಯನ್ನೂ ಅದಕ್ಕೇ ಬಿಟ್ಟು, ತಾವು ಬರಿತಲೆಯಲ್ಲಿ ತೆರಕಣಾಂಬಿ ಸಂತೆಗೆ ಹೋಗುತ್ತಾರೆ. ‘ಅಣ್ಣಾವ್ರೆ, ಇದು ಸೊಂಟದ್ ಮ್ಯಾಕೆ ಬೆಳೆಯಕಿಲ್ಲ, ಕಿತ್ತಾಕಿ ನುಗ್ಗೆ ನೆಡಿ’ ಎಂದ ನೆರೆಯವನಿಗೆ ಅಂದಿನಿಂದ ಆ ಮನೆಯಲ್ಲಿ ಎಲೆಯಡಿಕೆ ಸಿಕ್ಕಿಲ್ಲ. ಗಿಡದ ಪಕ್ಕ ನಿಂತು ಯಾರು ಎತ್ತರವೆಂದು ಅಪ್ಪನನ್ನು ಕೇಳುತ್ತಿದ್ದ ಮಗಳು ನೀಲಮ್ಮ ಆರನೆಯ ವಯಸ್ಸಿಗೇ ಸಿಡುಬಿನಲ್ಲಿ ತೀರಿಕೊಂಡಳು. ಗಿಡ ಇಂದಿಗೂ ಅವಳಷ್ಟೇ ಎತ್ತರ. ಅವಳ ಜೊತೆ ಆಡಿದವರು ಈಗ ಸೀರೆಯುಟ್ಟು ಬೀದಿಯಲ್ಲಿ ಹಾದುಹೋದಾಗ ಪುಟ್ಟಮಲ್ಲಪ್ಪನವರು ಗಿಡದ ನೆತ್ತಿ ಸವರಿ, ‘ನೀನು ಬೆಳೀಬೇಡ ಕಣಮ್ಮಿ, ನೀನಾದ್ರೂ ಅವಳ್ನ ಬುಟ್ಟು ಓಗ್ಬೇಡ’ ಎನ್ನುತ್ತಾರೆ.