ಟೈಲ್ಸ್ ಅಂಗಳದಲ್ಲಿ ಚರಗ

ಹೋದ ವರ್ಷ ಸೀಗೆ ಹುಣ್ಣಿಮೆಯ ಬೆಳಿಗ್ಗೆ ಹೊನ್ನಾಳಿಯ ನಮ್ಮ ಹೊಸ ಮನೆಯ ಗೇಟಿನ ಮುಂದೆ ಅಜ್ಜ ಒಬ್ಬರು ಬುಟ್ಟಿ ಹೊತ್ತು ನಿಂತಿದ್ದರು. ಸೊಪ್ಪು ಮಾರುವವರೆಂದುಕೊಂಡು, "ಏನೂ ಬೇಡ ಅಜ್ಜ" ಎಂದೆ.

"ಮಾರಾಕೆ ಬಂದಿಲ್ರಿ ತಾಯಿ. ಈ ಲೇಔಟು ಮೊದ್ಲು ನಮ್ಮ ಹೊಲ ಆಗಿತ್ತು. ಒಂದೀಟು ಚರಗ ಚೆಲ್ಲಿ ಹೋಗ್ತೀನಿ."

ಬುಟ್ಟಿಯಲ್ಲಿ ಚರಗಕ್ಕೆಂದು ಸೊಪ್ಪು, ಕುಂಬಳಕಾಯಿ ಬೆರೆಸಿದ ಅನ್ನವಿತ್ತು. ಪೈರು ತುಂಬಿ ನಿಂತ ಭೂಮಿಯನ್ನು ಬಸುರಿಯೆಂದು ಭಾವಿಸಿ ಅಂದು ಬಯಕೆಯೂಟ ಉಣಿಸುವುದು ನಮ್ಮ ಕಡೆಯ ರೈತರ ಪದ್ಧತಿ. ಈಗಿಲ್ಲಿ ಬೆಳೆಯೇ ಇಲ್ಲವಲ್ಲ ಎಂದು ನಕ್ಕೆ.

"ಬೆಳಿ ಇಲ್ಲ ಅಂತ ತಾಯಿನ ಉಪಾಸ ಕೆಡವಾಕೆ ಆಗ್ತೈತೇನ್ರಿ?"

ನನ್ನ ನಗು ಅಲ್ಲೇ ನಿಂತಿತು. ಗೇಟು ತೆಗೆದೆ. ಒಳಗೆ ಬಂದ ಅಜ್ಜ ಅಂಗಳವನ್ನೆಲ್ಲ ನೋಡಿದರು. ಗೋಡೆಯಿಂದ ಗೋಡೆಗೆ ಟೈಲ್ಸ್, ಹಿಡಿ ಮಣ್ಣೂ ಕಾಣಲಿಲ್ಲ. ಸಂಕೋಚದಿಂದಲೇ ಕರಿಬೇವಿನ ಕುಂಡ ತೋರಿಸಿದೆ. ಅದರ ಬುಡಕ್ಕೆ ಒಂದು ತುತ್ತು ಹಾಕಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು.

ಈ ಸಲ ಹುಣ್ಣಿಮೆಗೆ ಮುಂಚೆಯೇ ಗೇಟಿನ ಪಕ್ಕದ ಟೈಲ್ಸ್ ಕೀಳಿಸಿದ್ದೇನೆ. ಇಷ್ಟು ಚೆಂದ ಇರೋದನ್ನ ಯಾಕೆ ಕೀಳಿಸ್ತೀರಿ ಎಂದು ಗಾರೆಯವನು ಕೇಳಿದ. "ಹಬ್ಬಕ್ಕೆ ನೆಂಟರು ಬರ್ತಾರಪ್ಪ" ಎಂದೆ.