ಮಿಂಚುಳ್ಳಿಯ ಬಿಲ, ಬಾವಲಿಯ ಸಂದು

ಬಿಲದ ಬಾಯಿಗೆ ಮಿಡತೆಯ ಒಂದು ಹಿಂಗಾಲು ಅಂಟಿಕೊಂಡಿತ್ತು. ಕೆಳಗೆ ಮಣ್ಣಿನ ಮೇಲೆ ಬಿಳಿಯ ಹಿಕ್ಕೆ ಸೋರಿ ಒಣಗಿತ್ತು. ಮೂಗು ಮುಚ್ಚದೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಆಗೆಲ್ಲ ಬೇಸಿಗೆ ರಜೆ ಎಂದರೆ ಮತ್ತೋಡಿನ ಅಜ್ಜಿಮನೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಹೊಲದ ಮೆಟ್ಟಿಲುಬಾವಿ. ನಾನು ಐದನೇ ಕ್ಲಾಸು ಮುಗಿಸಿದ ವರ್ಷ, ಮಳೆ ಹಿಡಿಯುವ ಮುಂಚೆ ಬಾವಿಯ ಗೋಡೆ ಮೆತ್ತಲೆಂದು ಮಾವ ಹುಲ್ಲು ಬೆರೆಸಿ ಮಣ್ಣು ತುಳಿದಿಟ್ಟಿದ್ದ. ಹಾಗೆಯೇ ಬಾವಲಿ ಇರುವ ಬಿಲವನ್ನೂ ಮುಚ್ಚಬೇಕೆಂದು ಅಜ್ಜಿಯ ಹಟ.

ಬಾವಿಯಲ್ಲಿದ್ದದ್ದು ಮಣ್ಣಿನ ಗೋಡೆಯ ಬಿಲವೊಂದು, ಎದುರಿಗೆ ಕಲ್ಲಿನ ಸಂದೊಂದು. ನೀಲಿ ಬೆನ್ನಿನ, ಕೆಂಪು ಕೊಕ್ಕಿನ ಗದ್ದೆಮಿಂಚುಳ್ಳಿ ಒಂದರಲ್ಲಿ, ಹಣ್ಣು ತಿನ್ನುವ ಬಾವಲಿ ಇನ್ನೊಂದರಲ್ಲಿ. ಯಾವುದು ಯಾರದೆಂದು ಮಾವ ಮೂಗಿನಿಂದಲೇ ತೀರ್ಮಾನಿಸಿದ್ದ.

"ನಾರೋದೇ ಬಾವಲಿ ಮನೆ. ಇನ್ನೇನ್ ನೋಡಾದೈತೆ?" ಎಂದು ಮಣ್ಣಿನ ಬಿಲ ಮುಚ್ಚಲು ಮುದ್ದೆ ಎತ್ತಿಕೊಂಡ.

ನಾನು ಎದುರಿನ ಸಂದನ್ನು ಮೂಸಿದೆ. ಬೇವಿನ ಹಣ್ಣಿನ ಸಿಹಿ ವಾಸನೆ. ಕೆಳಗಿನ ಮೆಟ್ಟಿಲ ಮೇಲೆ ಚೀಪಿ ಉಗುಳಿದ ಬೀಜಗಳು.

"ಮಾವ, ತಡಿ. ಅದ್ರಾಗೆ ಬಾವಲಿ ಇಲ್ಲ."

"ಯಾಕಲೇ, ಒಳಗೋಗಿ ಊಟ ಮಾಡ್ಕಂಡ್ ಬಂದ್ಯಾ?"

"ಅಲ್ಲಿ ಮಿಡತೆ ಕಾಲೈತೆ ನೋಡು, ಮಿಂಚುಳ್ಳಿ ತಿಂದಿದ್ದು. ಬೇವಿನ ಬೀಜ ಈ ಕಡೆ ಅವೆ."

ಮಾವ ಬಿಲಕ್ಕೆ ಕಿವಿಗೊಟ್ಟ. ಒಳಗಿಂದ ಮರಿಗಳ ಕಿರ್ರ್ ಸದ್ದು. ಎತ್ತಿದ ಮುದ್ದೆಯನ್ನು ಹಾಗೇ ಇಳಿಸಿದ.

"ಅಯ್ಯಯ್ಯೋ! ಮೈತುಂಬ ನೀಲಿ ರೇಷ್ಮೆ, ಮನೆ ನೋಡಿದ್ರೆ ಹಿಂಗಾ!"

ಮೇಲೆ ನಿಂತಿದ್ದ ಅಜ್ಜಿ ಬಿಡಲಿಲ್ಲ. "ಹಂಗಾರೆ ಆ ಸಂದು ಮುಚ್ಚಲೇ. ನೀರಾಗೆ ಗಲೀಜು ಬೀಳ್ತೈತೆ."

"ಹೊತ್ತಾತವ್ವ, ಬೆಳಗ್ಗೆ ಮುಚ್ತೀನಿ." ಮಾವ ಉಳಿದ ಮಣ್ಣಿಗೆ ಒದ್ದೆ ಗೋಣಿಚೀಲ ಹೊದಿಸಿದ.

ಮುಸ್ಸಂಜೆ ನಾನೊಬ್ಬಳೇ ಮೆಟ್ಟಿಲ ಮೇಲೆ ಕುಳಿತೆ. ಸಂದಿನಿಂದ ಬಾವಲಿ ಇಣುಕಿತು. ನಾಯಿಮರಿಯಂಥ ಮುಖ, ದೊಡ್ಡ ಕಣ್ಣು, ಎದೆಗೆ ಕಚ್ಚಿಕೊಂಡ ಮರಿ. ಮಿಂಚುಳ್ಳಿ ಮರಿಗಳನ್ನು ಬಿಲದಲ್ಲಿ ಬಿಟ್ಟು ಊಟ ತರಲು ಹೋಗುತ್ತದೆ. ಇದು ಮರಿಯನ್ನೇ ಹೊತ್ತು ಹಾರಿತು. ಕೊಳಕು ಎನ್ನುವವರು ಯಾರೂ ಇದರ ಮುಖ ನೋಡಿಲ್ಲ ಅನ್ನಿಸಿತು. ಆದರೆ ಬಾವಲಿಯ ಪರವಾಗಿ ಅಜ್ಜಿಯ ಹತ್ತಿರ ಹೇಗೆ ಮಾತಾಡುವುದೆಂದು ಹೊಳೆಯಲಿಲ್ಲ.

ಈಗ ಆ ಬಾವಿಯನ್ನು ತುಂಬಿಸಿ, ಮೇಲೆ ಕೊಳವೆಬಾವಿಯ ಪಂಪ್‌ಮನೆ ಕಟ್ಟಿದ್ದಾರೆ. ಮಿಂಚುಳ್ಳಿ ಕರೆಂಟು ತಂತಿಯ ಮೇಲೆ ಇನ್ನೂ ಕಾಣಸಿಗುತ್ತದೆ. ಬಾವಲಿಯನ್ನು ಅಷ್ಟು ಹತ್ತಿರದಿಂದ ನಾನು ಮತ್ತೆ ನೋಡಿಲ್ಲ. ಕುಳಿತು ನೋಡುವ ಮೆಟ್ಟಿಲೇ ಇಲ್ಲ.

ಆ ಮುಸ್ಸಂಜೆಯ ಮರುದಿನ ಬೆಳಿಗ್ಗೆ, ಮಾವ ಏಳುವ ಮೊದಲೇ, ಗೋಣಿಚೀಲದಡಿಯ ಆ ಮಣ್ಣನ್ನೆಲ್ಲ ಪುಟ್ಟಿಯಲ್ಲಿ ಹೊತ್ತು ತಂದು ಅಜ್ಜಿಯ ಬಿರುಕು ಬಿಟ್ಟ ಒಲೆಗೆ ಮೆತ್ತಿದೆ, ಒಂದು ಹಿಡಿಯೂ ಉಳಿಯದ ಹಾಗೆ.