ಹಬ್ಬವಿಲ್ಲದ ವರ್ಷದ ಖಾರದ ಮನೆ

ಮನೆಯಲ್ಲಿ ಹಿರಿಯರು ಹೋದರೆ ವರ್ಷ ತುಂಬುವವರೆಗೂ ಹಬ್ಬವಿಲ್ಲ. ಇದು ನಮ್ಮಲ್ಲಿನ ಕಟ್ಟಳೆ. ಹಬ್ಬಕ್ಕೆಂದು ಎಣ್ಣೆ ಬಾಣಲೆ ಇಡುವಂತಿಲ್ಲ, ಸಿಹಿ ಮಾಡುವಂತಿಲ್ಲ, ಬಾಗಿಲಿಗೆ ತೋರಣವಿಲ್ಲ. ನಮ್ಮ ಅತ್ತೆಯವರು ಹೋದದ್ದು ಯುಗಾದಿ ಕಳೆದ ಮರುವಾರ. ಅಲ್ಲಿಗೆ ಆ ವರ್ಷದ ಹಬ್ಬಗಳೆಲ್ಲ ನಮ್ಮ ಗೇಟಿನ ಹೊರಗೇ ನಿಂತವು.

ಗೌರಿ ಗಣೇಶ ಬಂತು, ಪಕ್ಕದ ಮನೆಯವರು ಕಡುಬು ತಂದುಕೊಟ್ಟರು. ದಸರೆಯಲ್ಲಿ ಗೊಂಬೆಗಳು ಟ್ರಂಕಿನಿಂದ ಏಳಲಿಲ್ಲ. ದೀಪಾವಳಿಯ ಸಂಜೆ ನನ್ನ ಆರು ವರ್ಷದ ಮೊಮ್ಮಗಳು ಗೇಟಿನ ಸರಳಿಗೆ ಮೂಗು ಒತ್ತಿಕೊಂಡು ಶಂಕರಪುರದ ನಮ್ಮ ಬೀದಿಯ ದೀಪಗಳನ್ನೆಲ್ಲ ನೋಡಿದಳು. ಒಳಗೆ ಬಂದು, "ಅಜ್ಜೀ, ಎಲ್ಲರ ಮನೇಗೂ ಹಬ್ಬ ಬರುತ್ತೆ. ಅದಕ್ಕೆ ನಮ್ಮನೆ ಅಡ್ರೆಸ್ ಗೊತ್ತಿಲ್ವಾ?" ಎಂದಳು.

ಯಾವುದಕ್ಕೂ ಒಂದು ಕತೆ ಹೊಸೆದು ಹೇಳುವ ಬಾಯಿ ನನ್ನದು. ಆ ದಿನ ಮಾತ್ರ ಸೆರಗಿನಿಂದ ಅವಳ ಮೂಗಿನ ತುಕ್ಕು ಒರೆಸಿ ಊಟಕ್ಕೆ ಕೂರಿಸಿದೆ.

ಅತ್ತೆಯವರ ಮೇಲೆ ನನಗೆ ಅಕ್ಕರೆ ಇರಲಿಲ್ಲವೆಂದು ಯಾರಾದರೂ ಅಂದರೆ ಕೇಳಿಕೊಂಡು ಕೂರುವವಳಲ್ಲ ನಾನು. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಕಿ ಆರಿಸುತ್ತ ಆರಿಸುತ್ತ ಮಾತು ಕಲಿಸಿದವರು ಅವರು. ಈಗ ನನ್ನ ಬಾಯಿಂದ ಬರುವುದರಲ್ಲಿ ಅರ್ಧಕ್ಕರ್ಧ ಅವರದೇ. ಕೊನೆಯ ಮೂರು ವರ್ಷ ಅವರಿಗೆ ಸ್ನಾನ ಮಾಡಿಸಿದ್ದೂ ಈ ಕೈಗಳೇ. ಹಲ್ಲೆಲ್ಲ ಬಿದ್ದ ಮೇಲೆ ಅವರಿಗೆ ಚೀಸ್ ಅಂದರೆ ಪ್ರಾಣ. "ಅಗಿಯೋ ಕೆಲಸಾನೇ ಇಲ್ಲ ಕಣೇ, ದಾರಿ ಗೊತ್ತಿರೋ ಹಾಗೆ ತಾನೇ ಹೋಗುತ್ತೆ" ಎಂದು ಬಾಯಿ ಚಪ್ಪರಿಸುತ್ತಿದ್ದರು.

ಡಿಸೆಂಬರಿನಲ್ಲಿ ಗಾಂಧಿ ಬಜಾರಿನ ಬೇಕರಿಯೊಂದರಲ್ಲಿ, ಗಾಜಿನೊಳಗೆ ಕೇಕಿನದೊಂದು ಮನೆ ಇಟ್ಟಿದ್ದರು. ಮೊಮ್ಮಗಳು ಅಲ್ಲೇ ನಿಂತುಬಿಟ್ಟಳು. ಕ್ರಿಸ್‌ಮಸ್ ಹಬ್ಬದ್ದು ಎಂದೆ. ಹಬ್ಬ ಎಂಬ ಮಾತು ಕೇಳಿದ್ದೇ ಅವಳ ಕಣ್ಣು ಅರಳಿದ ರೀತಿ ನೋಡಿ, ಮನೆಗೆ ನಡೆದು ಬರುವಷ್ಟರಲ್ಲಿ ನಾನು ಲಾಯರಾಗಿಬಿಟ್ಟಿದ್ದೆ. ಕ್ರಿಸ್‌ಮಸ್ಸು ನಮ್ಮ ಹಬ್ಬವೇ ಅಲ್ಲ, ನಮ್ಮ ಕಟ್ಟಳೆ ಅದಕ್ಕೆ ಹೇಗೆ ಅನ್ವಯಿಸುತ್ತದೆ? ಸೊಸೆಯ ಓವನ್ನಿನಲ್ಲಿ ಬೇಯಿಸಿದರೆ ಬಾಣಲೆಯ ಮಾತೇ ಇಲ್ಲ. ಇನ್ನು ಸಿಹಿ. ಖಾರದ ಬಿಸ್ಕತ್ತಿನಲ್ಲೇ ಕಟ್ಟಿದರಾಯಿತು!

ಗೋಧಿ ಹಿಟ್ಟು, ಒಂದಿಷ್ಟು ಮೈದಾ, ಬೆಣ್ಣೆ, ಉಪ್ಪು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಅಂಗೈಯಲ್ಲಿ ತಿಕ್ಕಿದ ಓಮು. ಲಟ್ಟಿಸಿ, ಅವಳ ಸ್ಕೂಲಿನ ಸ್ಕೇಲು ಇಟ್ಟು ಗೋಡೆ ಕತ್ತರಿಸಿದೆ. ಮೊದಲ ಸರದಿ ಓವನ್ನಿನಿಂದ ಹೊರಬಂದಾಗ ಎಲ್ಲ ಪೂರಿಯಂತೆ ಉಬ್ಬಿದ್ದವು.

"ಅಜ್ಜೀ, ಗೋಡೆಗೆ ಹೊಟ್ಟೆ ಬಂದಿದೆ!"

ಫೋರ್ಕಿನಲ್ಲಿ ಚುಚ್ಚುವುದನ್ನೇ ಮರೆತಿದ್ದೆ. ಹೊಟ್ಟೆ ಬಂದ ಗೋಡೆಗಳನ್ನು ನಾವಿಬ್ಬರೂ ಕೂತು ತಿಂದೆವು, ಮತ್ತೆ ಲಟ್ಟಿಸಿದೆವು. ಕರಗಿಸಿದ ಚೀಸೇ ಗಾರೆ. ಬಿಸಿಬಿಸಿ ಹಚ್ಚಿದರೆ ಗೋಡೆ ಜಾರಿ ಮಲಗುತ್ತದೆ, ಆರಿದರೆ ಅಂಟುವುದಿಲ್ಲ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಸರಸರನೆ ಹಚ್ಚಿ, ಎರಡೂ ಕಡೆ ಸ್ಟೀಲ್ ಡಬ್ಬ ಒತ್ತುಕೊಟ್ಟು, ಹತ್ತು ನಿಮಿಷ ಮುಟ್ಟದೆ ಬಿಡಬೇಕು. ಚೀಸ್ ಸ್ಲೈಸುಗಳನ್ನು ಚೂರು ಮಾಡಿ ಒಂದರ ಮೇಲೊಂದು ಹೆಂಚಿನಂತೆ ಹೊದಿಸಿದೆವು. ಮುಂದೊಂದು ಜಗಲಿ. ಕೊನೆಗೆ ಮೊಮ್ಮಗಳು ಕರಿಬೇವಿನೆಲೆಗಳನ್ನು ದಾರಕ್ಕೆ ಪೋಣಿಸಿ ಪುಟ್ಟ ಬಾಗಿಲಿಗೆ ತೋರಣ ಕಟ್ಟಿದಳು. ಬೇಡವೆನ್ನದೆ ಗಂಟನ್ನು ನಾನೇ ಬಿಗಿದುಕೊಟ್ಟೆ.

ಅಷ್ಟರಲ್ಲಿ ಗೇಟು ಸದ್ದಾಯಿತು. ತ್ಯಾಗರಾಜನಗರದಿಂದ ನನ್ನ ಯಜಮಾನರ ಅಕ್ಕ ಬಂದಿದ್ದರು. ಅತ್ತೆಯವರ ಒಬ್ಬಳೇ ಮಗಳು. ಊಟದ ಮೇಜಿನ ಮುಂದೆ ಬಂದು ನಿಂತರು.

"ಏನೇ ಇದು?"

"ಮನೆ, ಅತ್ತಿಗೆ."

"ಅದು ಕಾಣ್ತಿದೆ. ತೋರಣ ಬೇರೆ! ಅಮ್ಮ ಹೋಗಿ ವರ್ಷ ತುಂಬ್ತಾ?"

ನಾನು ಸಿದ್ಧಳಾಗಿಯೇ ಇದ್ದೆ. "ಬಾಣಲೆ ಇಟ್ಟಿಲ್ಲ, ಓವನ್ನು. ಸಿಹಿ ಒಂದು ಚೂರೂ ಇಲ್ಲ, ಬರೀ ಖಾರ. ಹಬ್ಬಾನೂ ನಮ್ದಲ್ಲ."

ಅತ್ತಿಗೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು, ಬಗ್ಗಿ ಮೂಸಿದರು. ನಾನು ನಿರೀಕ್ಷಿಸಿರಲಿಲ್ಲ, ಅವರ ಮುಖ ಸಡಿಲವಾಯಿತು. "ಹಾಗನ್ನು ಮತ್ತೆ! ಮಕ್ಕಳ ಆಟ. ಸಾಯಂಕಾಲದ ತಿಂಡಿ ಅಂದ್ಕೊಂಡ್ರಾಯ್ತು. ಆ ತೋರಣ ಒಂದು ತೆಗೆದ್ಬಿಡು. ಯಾರಾದ್ರೂ ಕೇಳಿದ್ರೆ ಹಬ್ಬ ಅಂತ ಮಾತ್ರ ಅನ್ಬೇಡ."

ಗೆದ್ದೆ ಎಂದುಕೊಂಡು ಕಾಫಿಗೆ ಹಾಲು ಇಡಲು ಹೊರಟೆ. ಹಿಂದಿನಿಂದ ಸಣ್ಣ ದನಿ ಕೇಳಿಸಿತು.

"ಅಜ್ಜೀ, ಹಾಗಾದ್ರೆ ಇದು ಹಬ್ಬ ಅಲ್ವಾ?"

ಅಲ್ಲೇ ನಿಂತೆ. ನಾನು ಕಟ್ಟಿದ ವಾದವೆಲ್ಲ ಇದು ಹಬ್ಬವಲ್ಲ ಎಂದು ಸಾಧಿಸುವುದಕ್ಕೆ. ಮಗು ಕೇಳಿದ್ದು ಹಬ್ಬವನ್ನು. ನನ್ನ ಜಾಣತನವನ್ನೆಲ್ಲ ಅತ್ತಿಗೆಯ ಭಯ ಮಾಡಿಸಿತ್ತು, ಅಷ್ಟೆ.

"ಹಬ್ಬಾನೇ ಪುಟ್ಟಿ. ನಮ್ಮನೆ ಹಬ್ಬ."

"ಏನಂದೆ?" ಎಂದರು ಅತ್ತಿಗೆ.

"ಹಬ್ಬ ಅಂದೆ. ತೋರಣ ತೆಗೆಯಲ್ಲ. ಸಂಕ್ರಾಂತಿಗೆ ಎಳ್ಳೂ ಬೀರ್ತೀನಿ."

"ನಮ್ಮಮ್ಮ ಹೋಗಿದ್ದು ನಿನಗೆ ಅಷ್ಟು ಹಗುರ ಆಗೋಯ್ತಾ?"

ಅದು ನಾಟಿತು. ಆದರೂ ದನಿ ತಗ್ಗಿಸಲಿಲ್ಲ. "ಹಗುರ ಆಗಿಲ್ಲ ಅತ್ತಿಗೆ. ಬೆಳಿಗ್ಗೆ ಎದ್ದರೆ ಇವತ್ತಿಗೂ ಅವರದೂ ಸೇರಿಸಿ ಎರಡು ಲೋಟ ಕಾಫಿ ಬೆರೆಸ್ತೀನಿ. ನಾನು ಅಳೋದಿದ್ರೆ ಅಳ್ತೀನಿ. ಈ ಮಗು ಹುಟ್ಟಿ ಆರೇ ವರ್ಷ. ಅದರಲ್ಲಿ ಒಂದು ವರ್ಷ ಪೂರ್ತಿ ಕಿತ್ಕೊಳ್ಳೋಕೆ ನಾನ್ಯಾರು? ನೀವ್ಯಾರು?"

ಅತ್ತಿಗೆ ಕಾಫಿ ಕುಡಿಯದೆ ಹೊರಟರು. ಗೇಟಿನವರೆಗೂ ಜೊತೆಗೆ ಹೋದೆ. ಬಂದವರನ್ನು ಹಾಗೇ ಕಳಿಸಿ ನನಗೆ ಅಭ್ಯಾಸವಿಲ್ಲ. ಆಟೋ ಹತ್ತುವ ಮುಂಚೆ ತಿರುಗಿ, "ಎಳ್ಳು ಹಿಡ್ಕೊಂಡು ನಮ್ಮನೇಗೆ ಮಾತ್ರ ಬರಬೇಡ" ಎಂದರು.

"ಬಂದೇ ಬರ್ತೀನಿ. ಬೇಕಾದ್ರೆ ಬಾಗಿಲು ಹಾಕ್ಕೊಳ್ಳಿ."

ಸಂಜೆ ಮಗ, ಸೊಸೆ ಆಫೀಸಿನಿಂದ ಬಂದ ಮೇಲೆ ಮೊಮ್ಮಗಳು ಒಂದೊಂದೇ ಹೆಂಚು ಕಿತ್ತು ಎಲ್ಲರ ಕೈಗೂ ಹಂಚಿದಳು. ಹಸಿಮೆಣಸಿನಕಾಯಿ ಜಾಸ್ತಿಯಾಗಿತ್ತು. ಎಲ್ಲರೂ ಉಸ್ಸುಸ್ಸೆನ್ನುತ್ತ, ಗೋಡೆ ಮುರಿಯುತ್ತ ತಿಂದರು.

ಸಂಕ್ರಾಂತಿಗೆ ಮೊಮ್ಮಗಳಿಗೆ ಲಂಗ ಹಾಕಿ, ಎಳ್ಳು ಬೆಲ್ಲ, ಕಬ್ಬಿನ ತುಂಡು ತಟ್ಟೆಗಿಟ್ಟುಕೊಂಡು ತ್ಯಾಗರಾಜನಗರಕ್ಕೆ ಹೋದೆ. ಬಾಗಿಲು ಹಾಕಿರಲಿಲ್ಲ. ಅತ್ತಿಗೆ ಟೀವಿಯಿಂದ ಮುಖ ತಿರುಗಿಸಲಿಲ್ಲ, ಬಾ ಎನ್ನಲಿಲ್ಲ, ಮಗು ಎಳ್ಳಿನ ಪೊಟ್ಟಣ ನೀಡಿದಾಗ ಕೈ ಚಾಚಲಿಲ್ಲ. ನಾನು ಅದನ್ನು ತೆಗೆದು ಅವರ ಪಕ್ಕದ ಸ್ಟೂಲಿನ ಮೇಲಿಟ್ಟೆ. "ಹಬ್ಬದ್ದು, ಅತ್ತಿಗೆ" ಎಂದು ಟೀವಿಗಿಂತ ಗಟ್ಟಿಯಾಗಿ ಹೇಳಿ, ಮೊಮ್ಮಗಳ ಕೈ ಹಿಡಿದು ಮುಂದಿನ ಮನೆಗೆ ಹೊರಟೆ.